ಪೇಪರ್ ಎಣಿಸಿ ಅಣ್ವಸ್ತ್ರ ಲ್ಯಾಬಿನ ವಿಜ್ಞಾನ ಅಳೆಯಬಹುದಾ? ಎಂಎಸ್ಸಿ ಫಿಸಿಕ್ಸ್ ಗುಂಪಿನ ಚರ್ಚೆ

ಸುರೇಶ್: ಈಗ ಹಾಕಿರೋ ಲೇಖನ ದಯವಿಟ್ಟು ಪೂರ್ತಿ ಓದಿ. ಅಮೆರಿಕದ ಮೂರೂ ಅಣ್ವಸ್ತ್ರ ಲ್ಯಾಬುಗಳು, ಅಂದ್ರೆ ಲಾಸ್ ಅಲಮೋಸ್, ಲಿವರ್‌ಮೋರ್, ಸ್ಯಾಂಡಿಯಾ, ವಿಜ್ಞಾನದಲ್ಲಿ ಹಿಂದೆ ಬಿದ್ದಿವೆ ಅಂತ ವಾದ. ತಲಾ ಎಷ್ಟು ಪೇಪರ್, ಎಷ್ಟು ಸೈಟೇಷನ್ (ಬೇರೆಯವರು ಆ ಪೇಪರ್ ಉಲ್ಲೇಖಿಸಿದ್ದು) ಅಂತ ಲೆಕ್ಕ ಕೊಟ್ಟಿದ್ದಾರೆ. 2006ರಲ್ಲಿ ಲಾಸ್ ಅಲಮೋಸ್, 2007ರಲ್ಲಿ ಲಿವರ್‌ಮೋರ್ ಕಂಪನಿಗಳ ಕೈಗೆ ಹೋದ ಮೇಲೆ ಇಳಿಮುಖ ಶುರುವಾಯ್ತಂತೆ. ನನಗಂತೂ ಸರಿ ಅನ್ನಿಸ್ತು.

ವಿದ್ಯಾ: ಓದಿದೆ ಸುರೇಶ್. ಮೊದಲು ಒಂದು ತಿದ್ದುಪಡಿ. ಮೊದಲು ಅವನ್ನ ನಡೆಸ್ತಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಆಗ ಎರಡೂ ಲ್ಯಾಬಿನಿಂದ ಹೊರಗೆ ಹೋಗಲಿಲ್ಲ, ಬೆಕ್ಟೆಲ್ ಮುಂತಾದ ಕಂಪನಿಗಳ ಜೊತೆ ಪಾಲುದಾರ ಆಯ್ತು. ಇನ್ನು ಪೇಪರ್ ಲೆಕ್ಕ. ಭಾರಿ ಒತ್ತಡದಲ್ಲಿ ಪ್ಲುಟೋನಿಯಂ ಹೇಗೆ ಕುಗ್ಗುತ್ತೆ ಅಂತ ವರ್ಷಗಟ್ಟಲೆ ದುಡಿದವರ ಕೆಲಸದ ಬಹುಪಾಲು ಗೋಪ್ಯ ವರದಿಯಾಗಿ ಒಳಗೇ ಉಳಿಯುತ್ತೆ. ಅದೇ ಲ್ಯಾಬಿನ ಖಗೋಳ ಗುಂಪು ಜರ್ನಲ್‌ಗಳಲ್ಲಿ ಧಾರಾಳವಾಗಿ ಬರೆಯುತ್ತೆ. ಸೈಟೇಷನ್ ಎಣಿಸಿದ್ರೆ ಕಣ್ಣಿಗೆ ಬೀಳೋದು ಎರಡನೆಯವರು. ಲ್ಯಾಬು ಇರೋದೇ ಮೊದಲನೆಯವರಿಗಾಗಿ.

ಸುರೇಶ್: ಹಾಗಾದ್ರೆ ಅಳೆಯೋದೇ ಬೇಡವಾ? ಗೋಪ್ಯ ಅಂದ ತಕ್ಷಣ ಕಳಪೆ ಕೆಲಸಕ್ಕೂ ಮರೆ ಸಿಕ್ಕಿಬಿಡುತ್ತೆ. ಲಿವರ್‌ಮೋರಿನ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ನೋಡು. 192 ಲೇಸರ್ ಕಿರಣ, 2012ರ ಸೆಪ್ಟೆಂಬರ್ ಒಳಗೆ ಇಗ್ನಿಷನ್, ಅಂದ್ರೆ ಸಮ್ಮಿಲನ (ಫ್ಯೂಷನ್) ತಾನೇ ಹೊತ್ತಿಕೊಂಡು ಉರಿಯೋದು, ಅಂತ ಗುರಿ. ಲ್ಯಾಬಿನ ಕೋಡ್ (ಕಂಪ್ಯೂಟರ್ ಸಿಮ್ಯುಲೇಷನ್) ಆಗುತ್ತೆ ಅಂದಿತ್ತು. ಆಗಲಿಲ್ಲ.

ವಿದ್ಯಾ: ಅದೇ ಉದಾಹರಣೆ ತಗೋ. ಅಲ್ಲಿ ಗುಣಮಟ್ಟ ಅಳೆಯೋಕೆ ಸಾಧ್ಯ ಆಗಿದ್ದೇ ಶಾಟ್‌ಗೆ, ಅಂದ್ರೆ ಒಮ್ಮೆ ಲೇಸರ್ ಹೊಡೆಯೋದಕ್ಕೆ, ಮುಂಚೆ ಅವರು ಒಂದು ಸಂಖ್ಯೆ ಹೇಳಿ ಅದಕ್ಕೆ ಕಟ್ಟುಬಿದ್ದಿದ್ದರಿಂದ. ಆಮೇಲೆ ಏನು ಮಾಡಿದರು ನೋಡು. 2 ಮಿಲಿಮೀಟರ್‌ನಷ್ಟು ಅಗಲದ ಇಂಧನದ ಕ್ಯಾಪ್ಸೂಲು, ಲೇಸರ್ ಹೊಡೆದಾಗ ಅದು ಒಳಮುಖವಾಗಿ ಸಮನಾಗಿ ಕುಸೀಬೇಕು. ಅದನ್ನ ಹಿಡಿದಿಟ್ಟಿದ್ದ ಪ್ಲಾಸ್ಟಿಕ್ ಪೊರೆ ಹತ್ತಾರು ನ್ಯಾನೊಮೀಟರ್ ದಪ್ಪ ಅಷ್ಟೇ, ಆದರೂ ಅದು ತಾಗೋ ಜಾಗದಲ್ಲಿ ಕುಸಿತ ಸಮನಾಗಿ ಆಗ್ತಿರಲಿಲ್ಲ. ಇಂಧನ ತುಂಬೋ ಕೊಳವೆಯಿಂದ ಒಳಗೆ ಕಸ ಚಿಮ್ಮುತ್ತಿತ್ತು, ಅದರ ವ್ಯಾಸ 10 ಮೈಕ್ರಾನ್‌ನಿಂದ 5ಕ್ಕೆ, ಆಮೇಲೆ 2ಕ್ಕೆ ಇಳಿಸಿದರು. ಲೇಸರ್ ಪಲ್ಸ್‌ನ ಆರಂಭದ ಭಾಗ ಎತ್ತರಿಸಿ, ನಾಲ್ಕು ಆಘಾತ ತರಂಗದ ಬದಲು ಮೂರು ಮಾಡಿದರು. ಇಂಧನ ಅಷ್ಟು ಬಿಗಿಯಾಗಿ ಒತ್ತಿಕೊಳ್ಳಲ್ಲ, ಆದರೆ ಕುಸಿತ ಸ್ಥಿರವಾಗಿರುತ್ತೆ. 2014ರ ಫೆಬ್ರವರಿಯಲ್ಲಿ ಆ ಫಲಿತಾಂಶ ನೇಚರ್‌ನಲ್ಲಿ ಬಂತು. ಕೊನೆಗೆ 2022ರ ಡಿಸೆಂಬರ್ 5ರಂದು 2.05 ಮೆಗಾಜೂಲ್ ಹಾಕಿ 3.15 ತೆಗೆದರು.

ಸುರೇಶ್: 3.15 ಅನ್ನೋರು ಗೋಡೆ ಪ್ಲಗ್‌ನಿಂದ ಎಳೆದ ಸುಮಾರು 300 ಮೆಗಾಜೂಲ್ ಬಗ್ಗೆ ಮಾತಾಡಲ್ಲ.

ವಿದ್ಯಾ: ವಿದ್ಯುತ್ ಸ್ಥಾವರ ಕಟ್ಟೋರಿಗೆ ಅದು ದೊಡ್ಡ ಪ್ರಶ್ನೆ. ಇಲ್ಲಿನ ಪ್ರಶ್ನೆ ಬೇರೆ: ಕೋಡ್ ನಂಬಬಹುದಾ? ಅದಕ್ಕೆ ನನಗೆ 2022ಕ್ಕಿಂತ ಮುಖ್ಯ ಅನ್ನಿಸೋದು 2021. ಆಗಸ್ಟ್ 8ರಂದು 1.35 ಮೆಗಾಜೂಲ್ ಬಂತು. ಅದೇ ವಿನ್ಯಾಸ ಮತ್ತೆ ಮತ್ತೆ ಹೊಡೆದರು, ಹೆಚ್ಚೆಂದ್ರೆ ಅರ್ಧದಷ್ಟು ಬಂತು. ಕ್ಯಾಪ್ಸೂಲಿನ ವಜ್ರದ ಕವಚದಲ್ಲಿ ದೋಷ ಹೆಚ್ಚಿತ್ತು. ಚೆನ್ನಾಗಿ ಬಂದ ಒಂದು ಶಾಟ್ ಹಿಡಿದು ಸಂಭ್ರಮಿಸಿ ಸುಮ್ಮನಾಗಲಿಲ್ಲ, ಕೆಟ್ಟ ಶಾಟುಗಳನ್ನೂ ಬಯಲಿಗಿಟ್ಟರು, ಕವಚ ದಪ್ಪ ಮಾಡಿದರು. ಪರಿಶೀಲನೆಗೆ ಹೋಗೋ ಸಮಿತಿ ಮೊದಲು ಕೇಳಬೇಕಾದ್ದು ಇಂಥ ಫೈಲು.

ರಾಘು: ವಿದ್ಯಾ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಶಾಟ್ ಸಂಖ್ಯೆ. ಅದೇ ಯಂತ್ರ 2014ರ ಸುಮಾರಿಗೆ ವರ್ಷಕ್ಕೆ 190ರಷ್ಟು ಶಾಟ್ ಹೊಡೀತಿತ್ತು, 2016ರ ಹೊತ್ತಿಗೆ 400 ದಾಟಿತು. ಸಿದ್ಧತೆಯ ವಿಧಾನ, ಪಾಳಿ, ಅನುಮೋದನೆ ಕ್ರಮ ಇವನ್ನ ಬದಲಿಸಿದ್ದರಿಂದಲೇ ಅದರಲ್ಲಿ ಹೆಚ್ಚಿನ ಪಾಲು ಬಂದಿದ್ದು. ಪ್ರಯೋಗಕ್ಕೆ ಸರದಿ ಬರೋ ಹೊತ್ತಿಗೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಅವಧಿಯೇ ಮುಗಿದುಹೋದರೆ, ಹುಡುಗರು ಸಿಮ್ಯುಲೇಷನ್‌ಗೆ ತಿರುಗಿಬಿಡ್ತಾರೆ. ಕೈಯಲ್ಲಿ ಪ್ರಯೋಗ ಮಾಡಿದವರು ಕಡಿಮೆ ಆಗ್ತಾ ಹೋಗೋದು ಹೀಗೇ. ಅದು ಯಾವ ಸೈಟೇಷನ್ ಪಟ್ಟಿಯಲ್ಲೂ ಕಾಣಲ್ಲ.

ಸುರೇಶ್: ಸರಿ, ಆದರೆ ಆಡಳಿತ ಬದಲಾಗಿದ್ದೇ ಇದಕ್ಕೆ ಕಾರಣ ಅಂತಲ್ವಾ ಲೇಖನ ಹೇಳ್ತಿರೋದು? ಗುತ್ತಿಗೆ ಶುಲ್ಕ ಹಲವು ಪಟ್ಟು ಏರಿತು, ಆ ದುಡ್ಡು ಸಂಶೋಧನೆಗೆ ಸಿಗಬೇಕಿತ್ತು.

ನಾಗರಾಜ್ ಸರ್: ಶುಲ್ಕ ಏರಿದ್ದು ನಿಜ, ಸುರೇಶ್. ಆದರೆ ಅಮೆರಿಕದ ಸಂಸತ್ತು 2010ರ ರಕ್ಷಣಾ ಕಾಯ್ದೆಯಲ್ಲಿ ಈ ಪ್ರಶ್ನೆಯನ್ನೇ ಸರ್ಕಾರಕ್ಕೆ ವಿಜ್ಞಾನದ ಸಲಹೆ ಕೊಡೋ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ಗೆ ಒಪ್ಪಿಸಿತ್ತು. ಮೊದಲು ನಿರ್ವಹಣೆ, ಆಮೇಲೆ ವಿಜ್ಞಾನದ ಗುಣಮಟ್ಟ, ಹೀಗೆ ಎರಡು ಹಂತ. 2012ರ ಮೊದಲ ವರದಿ ಮುಖ್ಯವಾಗಿ ಬೆರಳು ತೋರಿಸಿದ್ದು ಈ ಲ್ಯಾಬುಗಳ ಮೇಲ್ವಿಚಾರಣೆ ಮಾಡೋ ಸರ್ಕಾರಿ ಸಂಸ್ಥೆ ಎನ್‌ಎನ್‌ಎಸ್‌ಎಗೂ ಲ್ಯಾಬುಗಳಿಗೂ ನಡುವೆ ಮುರಿದುಬಿದ್ದ ನಂಬಿಕೆಗೆ, ಅದರಿಂದ ಬೆಳೆದ ಅತಿಯಾದ ತಪಾಸಣೆಗೆ. ನಾಮಫಲಕ ಬದಲಾಗಿದ್ದಕ್ಕೇ ಎಲ್ಲ ತಪ್ಪು ಹೊರಿಸಿದರೆ ರೋಗ ಕೈತಪ್ಪುತ್ತೆ.

ಸುರೇಶ್: ಸರ್, ತಪಾಸಣೆ ಅತಿಯಾಯ್ತು ಅಂತೀರಿ. 2014ರ ಫೆಬ್ರವರಿ 14 ನೆನಪಿದೆಯಾ? ಲಾಸ್ ಅಲಮೋಸ್‌ನಿಂದ ಹೋದ ವಿಕಿರಣ ತ್ಯಾಜ್ಯದ ಡ್ರಮ್ ನ್ಯೂ ಮೆಕ್ಸಿಕೋದ ಉಪ್ಪಿನ ಗಣಿ ಭಂಡಾರದಲ್ಲಿ ಬಿಸಿಯಾಗಿ ಬಾಯಿ ಬಿಟ್ಟಿತು. ನೈಟ್ರೇಟ್ ಉಪ್ಪಿನ ಜೊತೆ ಗೋಧಿಯಿಂದ ಮಾಡಿದ ಕ್ಯಾಟ್ ಲಿಟರ್ (ಸಾಕು ಬೆಕ್ಕಿನ ಮಲಮೂತ್ರ ಹೀರೋಕೆ ಹಾಕೋ ಪುಡಿ) ಬೆರೆಸಿದ್ದರು. ನೈಟ್ರೇಟು ಆಮ್ಲಜನಕ ಕೊಡುತ್ತೆ, ಗೋಧಿ ಉರುವಲು. ಬಿಎಸ್ಸಿ ಹುಡುಗನೂ ಹೇಳ್ತಾನೆ. ಭಂಡಾರ ಸುಮಾರು 3 ವರ್ಷ ಮುಚ್ಚಿತ್ತು.

ರಾಘು: ಸುರೇಶ್, ಅದೇ ಲ್ಯಾಬಿನ ತಂಡ 2012ರಲ್ಲೇ ಜಿಯೋಲೈಟ್‌ನಂಥ ಖನಿಜ ಪುಡಿ ಹಾಕಿ ಅಂತ ಬರೆದುಕೊಟ್ಟಿತ್ತು. ರಸಾಯನ ಗೊತ್ತಿದ್ದವರು ಒಳಗೇ ಇದ್ದರು. ಅವರ ಮಾತು ಕೆಲಸದ ವಿಧಾನದ ಹಾಳೆಗೆ ಇಳಿಯೋವಾಗ ತಪ್ಪಿತು, ಆ ಬದಲಾವಣೆಯನ್ನ ಯಾವ ರಸಾಯನ ತಜ್ಞನಿಗೂ ಸರಿಯಾಗಿ ತೋರಿಸಲಿಲ್ಲ. ಸಹಿ ಎಷ್ಟಿತ್ತು ಅನ್ನೋದಕ್ಕಿಂತ ಯಾರ ಸಹಿ ಇತ್ತು ಅನ್ನೋದು ಮುಖ್ಯ.

ಸುರೇಶ್: ಇದು ಒಪ್ಪಿದೆ. ಆದರೆ ನನ್ನ ಮೂಲ ಆಕ್ಷೇಪ ಹಾಗೇ ಇದೆ. ಒಳಗಿನವರ ಕೆಲಸ ಒಳಗಿನವರೇ ನೋಡ್ತಾರೆ. ಕ್ಲಿಯರೆನ್ಸ್ (ಗೋಪ್ಯ ಮಾಹಿತಿ ನೋಡೋ ಅನುಮತಿ) ಇರೋರು ಕೆಲವೇ ಜನ, ಎಲ್ಲರೂ ಪರಿಚಯಸ್ಥರು.

ನಾಗರಾಜ್ ಸರ್: ಆ ಅಪಾಯ ಇದೆ. 1992ರ ಸೆಪ್ಟೆಂಬರ್ 23ರ ನಂತರ ಅಮೆರಿಕ ಒಂದೂ ಪರಮಾಣು ಸ್ಫೋಟ ಪರೀಕ್ಷೆ ಮಾಡಿಲ್ಲ, ತಪ್ಪನ್ನ ನೆಲ ಹೇಳಿಕೊಡ್ತಿದ್ದ ಕಾಲ ಹೋಯ್ತು. ಅದಕ್ಕೇ ಎರಡು ಲ್ಯಾಬು ಬೇಕು. ಲಾಸ್ ಅಲಮೋಸ್‌ನ ವಿನ್ಯಾಸವನ್ನ ಲಿವರ್‌ಮೋರ್ ತನ್ನದೇ ಕೋಡಿನಲ್ಲಿ ಓಡಿಸಿ ತಪ್ಪು ಹುಡುಕಬೇಕು, ಇವರದ್ದನ್ನ ಅವರು. ಹೊರಗಿನ ಕಣ್ಣಿಗೆ ಜೇಸನ್ ಗುಂಪಿದೆ, ಬಹುತೇಕ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಕ್ಲಿಯರೆನ್ಸ್ ಇರೋರು. ಪ್ಲುಟೋನಿಯಂ ಪಿಟ್, ಅಂದ್ರೆ ಬಾಂಬಿನ ತಿರುಳು, ಎಷ್ಟು ವರ್ಷ ಬಾಳುತ್ತೆ ಅನ್ನೋ ಪ್ರಶ್ನೆ ತಗೊಳ್ಳಿ. ಕಾಯೋಕಾಗಲ್ಲ ಅಂತ ಲ್ಯಾಬುಗಳು ಪ್ಲುಟೋನಿಯಂ ಮಾದರಿಗಳಿಗೆ ಸುಮಾರು 7.5 ಶೇಕಡಾ ಪ್ಲುಟೋನಿಯಂ-238 ಬೆರೆಸಿದವು. ಅದರ ಅರ್ಧಾಯುಷ್ಯ 87.7 ವರ್ಷ, 239ರದ್ದು 24,100. ಹಾಗಾಗಿ ವಿಕಿರಣದಿಂದ ಲೋಹಕ್ಕಾಗೋ ಹಾನಿ ಸುಮಾರು 16 ಪಟ್ಟು ಬೇಗ ಕೂಡುತ್ತೆ. ಕೂಡಲೇ ಪ್ರಶ್ನೆ ಏಳುತ್ತೆ: ಹಾನಿ ಬೇಗ ಆದರೂ, ಲೋಹ ತನ್ನನ್ನ ತಾನು ಸರಿಪಡಿಸಿಕೊಳ್ಳೋ ವೇಗ ಅಷ್ಟೇ ಹೆಚ್ಚುತ್ತಾ? ಅದಕ್ಕೇ ಮಾದರಿಗಳನ್ನ ಬೇರೆ ಬೇರೆ ತಾಪಮಾನದಲ್ಲಿಟ್ಟು ನೋಡಿದ್ದು. 2006ರಲ್ಲಿ ಜೇಸನ್ ಎಲ್ಲ ಪರಿಶೀಲಿಸಿ, ಹೆಚ್ಚಿನ ಬಗೆಯ ಪಿಟ್‌ಗಳಿಗೆ ಕನಿಷ್ಠ 100 ವರ್ಷ ಆಯುಷ್ಯ ಅಂದಿತು. 2019ರಲ್ಲಿ ಅದೇ ಗುಂಪು, ಈ ಅಧ್ಯಯನಕ್ಕೆ ಮತ್ತೆ ಒತ್ತು ಕೊಡಿ ಅಂತ ಪತ್ರ ಬರೆಯಿತು.

ಸುರೇಶ್: 2019ರ ಪತ್ರ ನನ್ನ ಕಡೆಗೇ ವಾಲುತ್ತೆ ಸರ್. ಒಳ್ಳೇ ಪರಿಶೀಲನೆ ಆಗಿಯೂ ಮುಂದಿನ ಕೆಲಸ ಕುಂಟಿತು ಅಂತಾಯ್ತಲ್ಲ.

ನಾಗರಾಜ್ ಸರ್: ಹೌದು, ಅಲ್ಲಿ ನಿಮ್ಮ ಮಾತು ನಿಲ್ಲುತ್ತೆ.

ವಿದ್ಯಾ: ಸುರೇಶ್, ಹಾಗಾದ್ರೆ ಲೇಖನದ ಪಟ್ಟಿ ಪಕ್ಕಕ್ಕಿಡು. ಸಮಿತಿಗೆ ನೀನೇ ಹೋದೆ ಅಂದುಕೋ. ಲ್ಯಾಬು ಆರಿಸಿಕೊಟ್ಟ ಪೋಸ್ಟರ್ ನೋಡಿ ವಾಪಸ್ ಬರಬೇಡ. ಶಾಟ್ ಪಟ್ಟಿಯಿಂದ ನೀನೇ ಕಣ್ಮುಚ್ಚಿ ಹತ್ತು ಆರಿಸು, ಪ್ರತಿಯೊಂದಕ್ಕೂ ಶಾಟ್‌ಗೆ ಮುಂಚಿನ ದಿನಾಂಕ ಇರೋ ಮುನ್ನಂದಾಜು, ಅದರ ಅನಿಶ್ಚಿತತೆಯ ಅಂಚು ಸಮೇತ ತೋರಿಸಿ ಅನ್ನು. ಪೋಸ್ಟ್‌ಡಾಕ್‌ಗಳ ಜೊತೆ ಮ್ಯಾನೇಜರ್ ಇಲ್ಲದ ಕೋಣೆಯಲ್ಲಿ ಮಾತಾಡು. ಲ್ಯಾಬು ತಾನೇ ಆರಿಸೋ ಸಂಶೋಧನೆಗೆ ಕಾನೂನು ಬಜೆಟ್‌ನ 5ರಿಂದ 7 ಶೇಕಡಾ ಇಡುತ್ತೆ, ಅದರಲ್ಲಿ ತಿರಸ್ಕರಿಸಿದ ಅರ್ಜಿಗಳ ಕಟ್ಟು ಕೇಳು, ಕಾರಣ ಓದು.

ಸುರೇಶ್: ಹತ್ತರಲ್ಲಿ ನಾಲ್ಕಕ್ಕೆ ಮುನ್ನಂದಾಜೇ ಇಲ್ಲ ಅಂದ್ರೆ?

ವಿದ್ಯಾ: ಆ ನಾಲ್ಕನ್ನೇ ವರದಿಯ ಮೊದಲ ಪುಟದಲ್ಲಿ ಬರಿ.