‘ಪ್ರತಿರೋಧ’, ‘ಪ್ರತಿಭಟನೆ’, ‘ಮಲೆತು ನಿಲ್ಲು’: ಬಳಕೆಯ ಬಗ್ಗೆ ಒಂದು ಪ್ರಶ್ನೆ

ದಮನಿತ ಮಹಿಳೆಯರ ಕುರಿತ ನಾಟಕಗಳನ್ನು ವಿಮರ್ಶಿಸುವಾಗ ನಾವು ‘ಪ್ರತಿರೋಧ’ ಮತ್ತು ‘ಪ್ರತಿಭಟನೆ’ಗಳನ್ನು ಒಂದೇ ಎಂಬಂತೆ ಬಳಸುತ್ತಿದ್ದೇವೆ. ಮಣಿಪುರದ ರಂಗನಿರ್ದೇಶಕ ಹೈಸ್ನಾಂ ಕನ್ಹೈಲಾಲ್ ಅವರು 2000ದಲ್ಲಿ ರಂಗಕ್ಕೆ ತಂದ ‘ದ್ರೌಪದಿ’ಯ ಬಗ್ಗೆ ಬರೆಯಲು ಕುಳಿತಾಗ ನನಗೆ ಇವೆರಡೂ ಸಾಲದಾದವು.

ನಾಟಕಕ್ಕೆ ಆಧಾರ ಮಹಾಶ್ವೇತಾ ದೇವಿಯವರ ಬಂಗಾಳಿ ಕತೆ. ಸೇನಾಧಿಕಾರಿಯ ಆಜ್ಞೆಯಂತೆ ರಾತ್ರಿಯಿಡೀ ಅತ್ಯಾಚಾರಕ್ಕೊಳಗಾದ ಸಂತಾಲ ಬುಡಕಟ್ಟಿನ ಹೆಂಗಸು ದೋಪ್ದಿ (‘ದ್ರೌಪದಿ’ಯ ಆಡುರೂಪ), ಬೆಳಗ್ಗೆ ಕಾವಲಿನವನು ತಂದ ನೀರನ್ನು ನೆಲಕ್ಕೆ ಸುರಿದು, ಬಟ್ಟೆಯನ್ನು ಹಲ್ಲಿನಿಂದ ಹರಿದು, ಬೆತ್ತಲೆಯಾಗಿಯೇ ಅಧಿಕಾರಿಯ ಮುಂದೆ ನಡೆದು ಬರುತ್ತಾಳೆ. ಗಾಯಗೊಂಡ ಎದೆಯಿಂದ ಅವನನ್ನು ತಳ್ಳುತ್ತಾಳೆ. ನಿರಾಯುಧಳಾದ ಅವಳೆದುರು ಅವನು ಮೊದಲ ಬಾರಿಗೆ ಹೆದರುತ್ತಾನೆ. ರಂಗದ ಮೇಲೆ ಈ ಪಾತ್ರವನ್ನು ವಹಿಸಿದವರು ಸಾಬಿತ್ರಿ ಹೈಸ್ನಾಂ.

‘ರೋಧ’ವೆಂದರೆ ತಡೆ. ದೋಪ್ದಿ ಏನನ್ನೂ ತಡೆಯುತ್ತಿಲ್ಲ. ಆಗಬಾರದ್ದೆಲ್ಲ ಆಗಿಹೋದ ಮೇಲೆ ಅವಳು ಎದ್ದು ಬಂದಿದ್ದಾಳೆ. ‘ಪ್ರತಿಭಟ’ನೆಂದರೆ ಎದುರಾಳಿ ಯೋಧ. ಮೂಲದಲ್ಲಿ ಯುದ್ಧದ ಪದವಾದರೂ ಇಂದು ‘ಪ್ರತಿಭಟನೆ’ ಎಂದೊಡನೆ ಘೋಷಣೆ, ಫಲಕ, ಬೇಡಿಕೆಗಳು ನೆನಪಾಗುತ್ತವೆ. ಅರೆಸೇನಾಪಡೆ ಬಂಧಿಸಿ ಒಯ್ದಿದ್ದ ಮಣಿಪುರದ ಯುವತಿ ತಾಂಗ್ಜಾಮ್ ಮನೋರಮಾ ಅವರ ಹತ್ಯೆಯನ್ನು ಖಂಡಿಸಿ 2004ರ ಜುಲೈ 15ರಂದು ಇಂಫಾಲದ ಕಾಂಗ್ಲಾ ದ್ವಾರದ ಮುಂದೆ 12 ಮಹಿಳೆಯರು ಬೆತ್ತಲೆಯಾಗಿ ನಿಂತು ಕೂಗಿದ್ದನ್ನು ಪ್ರತಿಭಟನೆ ಎನ್ನಲು ಅಡ್ಡಿಯಿಲ್ಲ, ಏಕೆಂದರೆ ಅಲ್ಲಿ ಫಲಕವೂ ಇತ್ತು, ಕೇಳುವ ಲೋಕವೂ ಇತ್ತು. ದೋಪ್ದಿಗೆ ಬೇಡಿಕೆಯಿಲ್ಲ. ಕೀನ್ಯಾದ ಲೇಖಕರಾದ ಗೂಗಿ ವಾ ಥಿಯಾಂಗೊ ಮತ್ತು ಮಿಚೆರೆ ಮುಗೊ ಅವರು ಬ್ರಿಟಿಷರ ವಿರುದ್ಧದ ದಂಗೆಯ ನಾಯಕನ ಕುರಿತು ಬರೆದ ‘ಡೆಡಾನ್ ಕಿಮಾಥಿಯ ವಿಚಾರಣೆ’ ನಾಟಕದಲ್ಲಿ ರೊಟ್ಟಿಯೊಳಗೆ ಬಂದೂಕು ಅಡಗಿಸಿ ಒಯ್ಯುವ ಹೆಸರಿಲ್ಲದ ಹೆಂಗಸಿಗೆ ‘ಹೋರಾಟ’ ಎಂಬ ಪದ ಸಲೀಸಾಗಿ ಒಪ್ಪುತ್ತದೆ. ಇಲ್ಲಿ ಅದೂ ಒಪ್ಪದು.

‘ಸೆಡ್ಡು ಹೊಡೆ’ಯಲ್ಲಿ ಗರಡಿಯ ಗಂಡುತನ ಹೆಚ್ಚು. ನನ್ನ ಒಲವು ‘ಮಲೆತು ನಿಲ್ಲು’ ಎಂಬುದರ ಕಡೆಗಿದೆ. ಹಳಗನ್ನಡದ ‘ಮಲೆ’, ‘ಮಾರ್ಮಲೆ’ಗಳಲ್ಲಿ ಎದುರು ನಿಲ್ಲುವ, ಮಣಿಯದಿರುವ ಅರ್ಥವಿದೆ, ಆಯುಧ ಇರಲೇಬೇಕೆಂಬ ಸೂಚನೆಯಿಲ್ಲ, ಮೈಯೊಂದೇ ಸಾಕು. ಆದರೆ ಕಾವ್ಯಗಳಲ್ಲಿ ಮಲೆತವರನ್ನು ಹೆಚ್ಚಾಗಿ ಅರಸನ ಕಣ್ಣಿನಿಂದ ನೋಡಲಾಗಿದೆ: ಮಲೆತವನು ಸೊಕ್ಕಿದವನು, ಆದ್ದರಿಂದ ದಂಡನೆಗೆ ಅರ್ಹ. ಆ ಛಾಯೆ ಇಂದಿನ ಓದುಗರ ಕಿವಿಯಲ್ಲಿ ಉಳಿದಿದ್ದರೆ ದೋಪ್ದಿಗೆ ಈ ಪದ ಬಳಸುವುದು ಅನ್ಯಾಯವಾದೀತು.

ಹೆಣ್ಣನ್ನು ಕುರಿತು, ಮೆಚ್ಚುಗೆಯ ಅರ್ಥದಲ್ಲಿ, ‘ಮಲೆ’ ಧಾತು ಬಳಕೆಯಾದ ಪ್ರಯೋಗಗಳು ಜನಪದ ಕಥನಗೀತೆಗಳಲ್ಲಾಗಲಿ ನಿಮ್ಮ ಊರಿನ ಮಾತಿನಲ್ಲಾಗಲಿ ಇವೆಯೇ? ಇದ್ದರೆ ಸಂದರ್ಭಸಹಿತ ತಿಳಿಸಬೇಕೆಂದು ಕೋರುತ್ತೇನೆ.