ಟ್ರ್ಯಾಕ್ ದಿನಕ್ಕೆ ಎಂ2 ಕಾರಿಗೆ ಯಾವ ಟೈರ್, ಯಾವ ಅಳತೆ? ಚಿಕ್ಕಮಗಳೂರಿನಿಂದ ಓಡಿಸಿಕೊಂಡೇ ಹೋಗಬೇಕು

ಆಲ್ದೂರು ತೋಟ:
ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಎಂ2 ಕಾಂಪಿಟಿಷನ್ ಇದೆ. ಮುಂದೆ 245/35 ಆರ್19 (ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ಶೇ. 35, ರಿಮ್ ವ್ಯಾಸ 19 ಇಂಚು), ಹಿಂದೆ 265/35 ಆರ್19. ರಿಮ್ ಅಗಲ ಮುಂದೆ 9 ಇಂಚು, ಹಿಂದೆ 10. ನಾಲ್ಕೂ ಟೈರ್ ಸವೆದಿವೆ. ಕೊಯ್ಲು ಮುಗಿದ ಮೇಲೆ, ಫೆಬ್ರುವರಿ ಕೊನೆಗೆ, ಚೆನ್ನೈ ಹತ್ತಿರದ ಇರುಂಗಟ್ಟುಕೋಟೈ ಟ್ರ್ಯಾಕ್‌ಗೆ ಹೋಗಬೇಕೆಂದಿದ್ದೇನೆ. ಟ್ರೈಲರ್ ಇಲ್ಲ. ಇಲ್ಲಿಂದ ಹೊರಡುವ ಟೈರಿನಲ್ಲೇ ಟ್ರ್ಯಾಕ್ ಓಡಿಸಿ, ಅದೇ ಟೈರಿನಲ್ಲಿ ಮನೆಗೆ ಬರಬೇಕು. ಮಳೆಗಾಲಕ್ಕೂ ಅವೇ. ರಸ್ತೆಗೆ ಮಾಡಿದ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಸಾಕೋ, ಟ್ರ್ಯಾಕ್ ಕಡೆಗೆ ವಾಲಿದ ಪೈಲಟ್ ಸ್ಪೋರ್ಟ್ ಕಪ್ 2 ಬೇಕೋ? ಅಳತೆ ಕಂಪನಿಯದ್ದೇ ಇರಲೋ, ನಾಲ್ಕಕ್ಕೂ 265 ಹಾಕಿಸಲೋ? ಬಿಗಿ ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಜಾರುತ್ತದೆ, ಅದು ಕಡಿಮೆಯಾಗಬೇಕು.

ಬಿ.ಎಂ. ರಸ್ತೆ, ಹಾಸನ:
ಕಪ್ 2 ಹಾಕಿಸಿ, ಮುಗಿಯಿತು. ಇದೇ ಕಾರಿನ ಸಿಎಸ್ ಮಾದರಿಗೆ ಕಂಪನಿಯೇ ಇದೇ ಅಳತೆಯಲ್ಲಿ ಕಪ್ 2 ಕೊಟ್ಟಿತ್ತು. ಟ್ರೆಡ್‌ವೇರ್ ಸಂಖ್ಯೆ ನೋಡಿ: 4ಎಸ್‌ಗೆ 300, ಕಪ್ 2ರ ಹಲವು ಅಳತೆಗಳಿಗೆ 180. ಸಂಖ್ಯೆ ಇಳಿದಷ್ಟೂ ರಬ್ಬರ್ ಮೆದು, ಹಿಡಿತ ಹೆಚ್ಚು. 410 ಅಶ್ವಶಕ್ತಿಯನ್ನು ಹಿಂದಿನ ಎರಡೇ ಚಕ್ರಕ್ಕೆ ಕಳಿಸುವ ಕಾರನ್ನು ಸಾಮಾನ್ಯ ರಸ್ತೆ ಟೈರಿನಲ್ಲಿ ಟ್ರ್ಯಾಕ್‌ಗೆ ಒಯ್ಯುವುದು ದುಡ್ಡು ದಂಡ.

ಕೊಟ್ಟಿಗೆಹಾರ:
"ಮುಗಿಯಿತು" ಎಂದವರು ಜುಲೈನಲ್ಲಿ ಒಮ್ಮೆ ಚಾರ್ಮಾಡಿ ಇಳಿದು ತೋರಿಸಲಿ. ಕಪ್ 2ರ ಹೊರ ಅಂಚಿನಲ್ಲಿ ನೀರು ಹೊರಹೋಗಲು ದಾರಿಯೇ ಇಲ್ಲದಷ್ಟು ಕಡಿಮೆ ಗೀರುಗಳಿವೆ. ಅರ್ಧ ಸವೆದ ಮೇಲೆ ನಿಂತ ನೀರಿನ ಮೇಲೆ ಹೋದರೆ ಸ್ಟೀರಿಂಗ್ ಕೈಯಲ್ಲಿ ಹಗುರಾಗುತ್ತದೆ. ಅಷ್ಟು ಹೊತ್ತಿಗೆ ಕಾರು ನಿಮ್ಮ ಮಾತು ಕೇಳುವುದನ್ನು ಬಿಟ್ಟಿರುತ್ತದೆ. "ಮಳೆಗಾಲಕ್ಕೂ ಅವೇ" ಎಂದು ಅವರು ಕನ್ನಡದಲ್ಲೇ ಬರೆದಿದ್ದಾರೆ, ಓದಿ. 4ಎಸ್ ಬಿಟ್ಟು ಬೇರೆ ಉತ್ತರ ಇಲ್ಲ.

ಬಿ.ಎಂ. ರಸ್ತೆ, ಹಾಸನ:
ಜುಲೈನಲ್ಲಿ ಎಂ2 ತೆಗೆದುಕೊಂಡು ಚಾರ್ಮಾಡಿ ಇಳಿಯುವವರು ಯಾರು? ತೋಟದ ಮನೆಯಲ್ಲಿ ಜೀಪು ಇರುತ್ತದೆ. ಪ್ರಶ್ನೆ ಟ್ರ್ಯಾಕಿನದು.

ಸಕಲೇಶಪುರ 46:
"ಸಂಖ್ಯೆ ಇಳಿದಷ್ಟೂ ಹಿಡಿತ ಹೆಚ್ಚು" ಎಂಬುದು ಶುದ್ಧ ತಪ್ಪು. ಟ್ರೆಡ್‌ವೇರ್ ಅಮೆರಿಕ ಸರ್ಕಾರದ ಸವೆತದ ಅಂಕಿ, ಹಿಡಿತದ್ದಲ್ಲ. ಪರೀಕ್ಷೆ ಮಾಡಿ ಅಂಕಿ ಹಾಕುವುದೂ ಟೈರ್ ಕಂಪನಿಯೇ. ಒಂದು ಕಂಪನಿಯ 200, ಇನ್ನೊಂದು ಕಂಪನಿಯ 200 ಒಂದೇ ಅಲ್ಲ.

ಅಳತೆಯ ವಿಷಯ: ನಾಲ್ಕಕ್ಕೂ 265/35 ಹಾಕಿಸಿ. ಮುಂದೆ ಕಿರಿದು, ಹಿಂದೆ ಅಗಲ ಎಂಬ ಲೆಕ್ಕ ಸಾಮಾನ್ಯ ಚಾಲಕ ಗಾಬರಿಯಾದರೂ ಕಾರು ತಿರುಗಿ ನಿಲ್ಲದಿರಲಿ ಎಂದು ಕಂಪನಿ ಮಾಡಿದ್ದು. ಮೂತಿ ಹೊರಕ್ಕೆ ಜಾರುವ ಗುಣ ಅಲ್ಲಿಂದಲೇ ಬರುತ್ತದೆ. ಮುಂದೆ ಅಗಲ ಕೊಟ್ಟರೆ ಅದು ಇಳಿಯುತ್ತದೆ. ಜೊತೆಗೆ ಮುಂದಿನ ಟೈರ್ ಹಿಂದೆ, ಹಿಂದಿನದು ಮುಂದೆ ಬದಲಿಸಿಕೊಂಡು ಸವೆತ ಹಂಚಬಹುದು.

ಎಸ್ಟೇಟ್ ನ್ಯಾವಿಗೇಟರ್:
"ಬದಲಿಸಿಕೊಂಡು" ಹೇಗೆ? ಮುಂದಿನ ರಿಮ್ 9 ಇಂಚು, ಹಿಂದಿನದು 10 ಎಂದು ಮೊದಲ ಸಾಲುಗಳಲ್ಲೇ ಇದೆ. ಚಕ್ರ ಬದಲಿಸಲಾಗದು, ಪ್ರತಿ ಸಲವೂ ರಿಮ್‌ನಿಂದ ಟೈರ್ ಕಳಚಿ ಹಾಕಿಸಬೇಕು.

ಇನ್ನು ವ್ಯಾಸ ಲೆಕ್ಕ ಹಾಕಿ. 245/35 ಆರ್19 ಸುಮಾರು 654 ಮಿ.ಮೀ., 265/35 ಆರ್19 ಸುಮಾರು 668. ಅಂದರೆ ಕಂಪನಿಯೇ ಹಿಂದಿನ ಚಕ್ರವನ್ನು ಶೇ. 2ರಷ್ಟು ದೊಡ್ಡದು ಇಟ್ಟಿದೆ. ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಎಲ್ಲವೂ ಚಕ್ರಗಳ ವೇಗ ಹೋಲಿಸಿಯೇ ಕೆಲಸ ಮಾಡುವುದು. ನಾಲ್ಕೂ ಒಂದೇ ಮಾಡಿದರೆ ಆ ಅನುಪಾತ ಕೆಡುತ್ತದೆ. ಅಗಲ ಬೇಕೇ ಬೇಕೆಂದರೆ ಮುಂದೆ 255/35, ಹಿಂದೆ 275/35 ಹಾಕಿ: 661 ಮತ್ತು 675. ಅನುಪಾತ ಹಾಗೇ ಉಳಿಯುತ್ತದೆ, ಮುಂದಿನ ಅಗಲವೂ ಹೆಚ್ಚುತ್ತದೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಮಡ್‌ಗಾರ್ಡ್‌ನ ಒಳಭಾಗಕ್ಕೆ ತಾಗುತ್ತದೆಯೇ ಎಂದು ನೋಡಿಯೇ ಅಂಗಡಿ ಬಿಡಿ.

ಸಕಲೇಶಪುರ 46:
ನಾಲ್ಕಕ್ಕೂ ಒಂದೇ ಅಳತೆ ಹಾಕಿ ಓಡಿಸುವ ಎಂ2ಗಳು ಪ್ರಪಂಚದ ತುಂಬ ಇವೆ. ಅವರ ಎಬಿಎಸ್ ಎಲ್ಲ ಕೆಟ್ಟುಹೋಗಿದೆಯೇ?

ಎಸ್ಟೇಟ್ ನ್ಯಾವಿಗೇಟರ್:
ಅವರಲ್ಲಿ ಹೆಚ್ಚಿನವರು ನಾಲ್ಕು ಒಂದೇ ಅಗಲದ ರಿಮ್ ಕೂಡ ಕೊಂಡಿದ್ದಾರೆ, ಅಳತೆಯನ್ನೂ ಬೇರೆ ಆರಿಸಿದ್ದಾರೆ. ಅದನ್ನು ಬಿಟ್ಟು ಹೇಳುತ್ತಿದ್ದೀರಿ.

ಆಲ್ದೂರು ತೋಟ:
ರಿಮ್ ಬದಲಿಸುವುದಿಲ್ಲ. ಇನ್ನೊಂದು ಕೇಳುವುದಿತ್ತು: ಗಾಳಿ ಎಷ್ಟು ಇಡಲಿ? ಚಿಕ್ಕಮಗಳೂರಿನಲ್ಲೇ ನೈಟ್ರೋಜನ್ ತುಂಬಿಸಿಕೊಂಡು ಹೋದರೆ ಅಲ್ಲಿ ಮತ್ತೆ ನೋಡುವ ಕೆಲಸ ಇರುವುದಿಲ್ಲವೇ?

ಟೈರ್ ಕೆಲಸದವನು, ಬೇಲೂರು:
ನೈಟ್ರೋಜನ್ ತುಂಬಿಸಿಕೊಂಡು ಹೋಗಿ ಸರ್. ಬಿಸಿಯಾದರೂ ಒತ್ತಡ ಏರುವುದಿಲ್ಲ. ವಿಮಾನದ ಟೈರಿಗೂ ಅದನ್ನೇ ತುಂಬುತ್ತಾರೆ.

ಹಾಸನದ ಮೇಷ್ಟ್ರು:
"ಏರುವುದಿಲ್ಲ" ಎಂದು ಬರೆಯುವ ಮೊದಲು ಪಿಯುಸಿ ಪುಸ್ತಕ ತೆರೆಯಬಹುದಿತ್ತು. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಒಣ ಗಾಳಿಯಾಗಲಿ ನೈಟ್ರೋಜನ್ ಆಗಲಿ, ಬಿಸಿಗೆ ಒಂದೇ ಪ್ರಮಾಣದಲ್ಲಿ ಒತ್ತಡ ಏರುತ್ತದೆ. ಸಮುದ್ರ ಮಟ್ಟದಲ್ಲಿ 25 ಡಿಗ್ರಿಯಲ್ಲಿ 32 ಪಿಎಸ್‌ಐ ತುಂಬಿ, ಟೈರಿನ ಒಳಗಿನ ಬಿಸಿ 75 ಡಿಗ್ರಿಗೆ ಹೋದರೆ ಗೇಜ್ ಸುಮಾರು 40 ತೋರಿಸುತ್ತದೆ. ನೈಟ್ರೋಜನ್‌ಗೂ 40, ಪಂಕ್ಚರ್ ಅಂಗಡಿಯ ಗಾಳಿಗೂ 40.

ಟೈರ್ ಕೆಲಸದವನು, ಬೇಲೂರು:
"ಒಣ ಗಾಳಿ" ಎಂದಿರಲ್ಲ ಮೇಷ್ಟ್ರೇ, ಮಲೆನಾಡಿನ ಕಂಪ್ರೆಸರ್‌ನಲ್ಲಿ ಒಣ ಗಾಳಿ ಎಲ್ಲಿದೆ? ಆಗಸ್ಟ್ ತಿಂಗಳಲ್ಲಿ ಬೆಳಿಗ್ಗೆ ಟ್ಯಾಂಕಿನ ತಳದ ನಲ್ಲಿ ತಿರುಗಿಸಿದರೆ ಮೊದಲು ತುಕ್ಕು ಬಣ್ಣದ ನೀರು ಬುಸ್ಸೆಂದು ಬರುತ್ತದೆ, ಆಮೇಲೆ ಎಣ್ಣೆ ಬೆರೆತ ನೊರೆ, ಕೊನೆಗೆ ಗಾಳಿ. ದಿನಾ ಆ ನೀರು ತೆಗೆಯದ ಅಂಗಡಿಯಲ್ಲಿ ಅದೆಲ್ಲ ಟೈರಿನೊಳಗೇ ಹೋಗುತ್ತದೆ. ಹೊರಗೆ ತೆಗೆದ ಟೈರ್ ಅಲುಗಿಸಿದರೆ ನೀರಿನ ಸದ್ದು ಕೇಳುತ್ತದೆ. ಆ ನೀರು ಬಿಸಿಗೆ ಆವಿಯಾದರೆ ನಿಮ್ಮ 40 ಎಲ್ಲಿ ನಿಲ್ಲುತ್ತದೆ?

ಸಕಲೇಶಪುರ 46:
ನೈಟ್ರೋಜನ್ ಯಂತ್ರ ಇಟ್ಟವರು ನೈಟ್ರೋಜನ್ ಹೊಗಳುವುದು ಸಹಜ.

ಟೈರ್ ಕೆಲಸದವನು, ಬೇಲೂರು:
ನಾನು ಕೂಲಿಗೆ ಕೆಲಸ ಮಾಡುವವನು. ಅಂಗಡಿಯೂ ನನ್ನದಲ್ಲ, ಯಂತ್ರವೂ ನನ್ನದಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಹಾಸನದ ಮೇಷ್ಟ್ರು:
ನೀರಿದ್ದರೆ ಒತ್ತಡ ಇನ್ನೂ ಏರುತ್ತದೆ, 75 ಡಿಗ್ರಿಯಲ್ಲಿ ಆವಿಯ ಪಾಲೇ 5 ಪಿಎಸ್‌ಐ ದಾಟಬಹುದು. ಆದರೆ ಅದು ನೀರಿನ ದೋಷ, ನೈಟ್ರೋಜನ್‌ನ ಮಹಿಮೆ ಅಲ್ಲ. ನೀರು ತೆಗೆದ ಕಂಪ್ರೆಸರ್ ಸಾಕು.

ಇದಕ್ಕಿಂತ ಮುಖ್ಯವಾದದ್ದು ಯಾರಿಗೂ ಹೊಳೆಯಲಿಲ್ಲ. ಚಿಕ್ಕಮಗಳೂರು ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ, ಚೆನ್ನೈ ಸಮುದ್ರದ ಪಕ್ಕದಲ್ಲಿ. ಇಲ್ಲಿ 32 ತುಂಬಿಸಿಕೊಂಡು ಹೋದರೆ, ಬಿಸಿ ಅಷ್ಟೇ ಇದ್ದರೆ, ಅಲ್ಲಿ ಗೇಜ್ ಸುಮಾರು 30 ತೋರಿಸುತ್ತದೆ.

ಬಿ.ಎಂ. ರಸ್ತೆ, ಹಾಸನ:
ಒಳಗಿನ ಗಾಳಿ ಎಲ್ಲಿಗೂ ಹೋಗಿಲ್ಲ. ಕಾರು ಘಟ್ಟ ಇಳಿದರೆ ಟೈರಿಗೆ ಹೇಗೆ ಗೊತ್ತಾಗುತ್ತದೆ? ಇದು ಪಾಠದ ಕೋಣೆಯ ಮಾತು.

ಹಾಸನದ ಮೇಷ್ಟ್ರು:
ಗೊತ್ತಾಗುವುದು ಗೇಜಿಗೆ. ಗೇಜ್ ಅಳೆಯುವುದು ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಹೊರಗಿನ ಗಾಳಿ ಚಿಕ್ಕಮಗಳೂರಿನಲ್ಲಿ ಸುಮಾರು 12.9 ಪಿಎಸ್‌ಐ, ಚೆನ್ನೈನಲ್ಲಿ 14.7. ಒಳಗೆ 44.9 ಇದೆ ಎಂದುಕೊಳ್ಳಿ. ಅದರಿಂದ 12.9 ಕಳೆದರೆ 32. 14.7 ಕಳೆದರೆ 30.2. ಕೂಡುವುದು ಕಳೆಯುವುದಷ್ಟೇ, ಪಾಠದ ಕೋಣೆ ಬೇಕಿಲ್ಲ.

ಕೊಟ್ಟಿಗೆಹಾರ:
"ಬಿಸಿ ಅಷ್ಟೇ ಇದ್ದರೆ" ಎಂದು ನಡುವೆ ಸೇರಿಸಿಬಿಟ್ಟಿದ್ದೀರಿ. ಫೆಬ್ರುವರಿ ಬೆಳಿಗ್ಗೆ ಇಲ್ಲಿ 20 ಡಿಗ್ರಿ, ಅಲ್ಲಿ ಮಧ್ಯಾಹ್ನ 32. ಆ ಬಿಸಿಗೆ ಏರುವುದನ್ನೂ ಲೆಕ್ಕ ಹಾಕಿ.

ಹಾಸನದ ಮೇಷ್ಟ್ರು:
ಹಾಕಿದರೆ ಮತ್ತೆ ಸುಮಾರು 32 ಬರುತ್ತದೆ. ಎತ್ತರದಿಂದ ಇಳಿದದ್ದನ್ನು ಬಿಸಿಲು ತುಂಬಿಕೊಡುತ್ತದೆ. ಇದರಿಂದ ನನ್ನ ಮಾತು ಸುಳ್ಳಾಗುವುದಿಲ್ಲ.

ಕೊಟ್ಟಿಗೆಹಾರ:
ಕೊನೆಗೆ 32ಕ್ಕೇ ಬರುವುದಾದರೆ ಇಷ್ಟು ಹೊತ್ತು ಯಾಕೆ ಎಲ್ಲರ ತಲೆ ತಿಂದಿರಿ? ಒಬ್ಬರು ಟೈರ್ ಕೊಳ್ಳಲು ಸಲಹೆ ಕೇಳಿದ್ದಾರೆ!

ಹಾಸನದ ಮೇಷ್ಟ್ರು:
ಮಧ್ಯಾಹ್ನ ಬರುತ್ತದೆ. ಬೆಳಿಗ್ಗೆ ಏಳಕ್ಕೆ ಟ್ರ್ಯಾಕ್ ಬಾಗಿಲಲ್ಲಿ ಬರುವುದಿಲ್ಲ. ಮೊದಲ ಸುತ್ತಿಗೆ ಇಳಿಯುವವರಿಗೆ ಆ ವ್ಯತ್ಯಾಸ ಬೇಕು. ತಲೆ ತಿಂದದ್ದಲ್ಲ.

ಎಸ್ಟೇಟ್ ನ್ಯಾವಿಗೇಟರ್:
ಬೆಳಿಗ್ಗೆಯ ಅಂಕಿ ಹಿಡಿದುಕೊಂಡು ಜಗಳ ಆಡಿ ಫಲವಿಲ್ಲ. ಟ್ರ್ಯಾಕ್‌ನಲ್ಲಿ ಲೆಕ್ಕಕ್ಕೆ ಬರುವುದು ಬಿಸಿ ಟೈರಿನ ಒತ್ತಡ ಮಾತ್ರ. ಕೆಲವು ಸುತ್ತು ಓಡಿಸಿ, ಪಿಟ್‌ಗೆ (ಟ್ರ್ಯಾಕ್ ಪಕ್ಕದ ನಿಲುಗಡೆಗೆ) ಬಂದ ಕೂಡಲೇ, ಟೈರ್ ಆರುವ ಮೊದಲು ಅಳೆಯಿರಿ. 4ಎಸ್ ಆದರೆ ಬಿಸಿಯಲ್ಲಿ 35ರ ಆಸುಪಾಸಿಗೆ ಇಳಿಸಿ ನೋಡಿ. ಟ್ರ್ಯಾಕ್‌ಗೆ ಇಳಿಯುವ ಮೊದಲು ಪ್ರತಿ ಟೈರಿನ ಹೊರ ಭುಜದ ಮೇಲೆ, ಟ್ರೆಡ್‌ನಿಂದ ಪಕ್ಕದ ಗೋಡೆಯವರೆಗೆ, ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ವಾಪಸ್ ಬಂದಾಗ ಗೆರೆ ಪಕ್ಕದ ಗೋಡೆಯ ಮೇಲೂ ಅಳಿಸಿದ್ದರೆ ಟೈರ್ ಮಗುಚಿಕೊಳ್ಳುತ್ತಿದೆ, ಗಾಳಿ ಸಾಲದು. ಭುಜದ ಮೇಲೆ ಗೆರೆ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. ಆ ಟ್ರ್ಯಾಕ್‌ನಲ್ಲಿ ಬಲ ತಿರುವಿನ ಹೊರೆ ಹೆಚ್ಚು, ಎಡಗಡೆಯ ಮುಂದಿನ ಟೈರ್ ಮೊದಲು ನೋಡಿ. ಅಗಲಕ್ಕಿಂತ ಮುಂಚೆ ಮುಂದಿನ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಕೋನ) ಹೆಚ್ಚಿಸಿಕೊಂಡರೆ ಮೂತಿ ಜಾರುವುದೂ ಕಡಿಮೆ, ಹೊರ ಭುಜ ಸವೆಯುವುದೂ ಕಡಿಮೆ.

ಮನೆಗೆ ಹೊರಡುವ ಮುನ್ನ ಗಾಳಿ ಮತ್ತೆ ತುಂಬಿ. ಬಿಸಿಯಲ್ಲಿ 40ರಿಂದ 35ಕ್ಕೆ ಇಳಿಸಿದ್ದು ರಾತ್ರಿ ಆರಿದಾಗ 28ಕ್ಕೆ ಬಂದಿರುತ್ತದೆ. ಅದರಲ್ಲೇ ಹೆದ್ದಾರಿ ಹಿಡಿದರೆ ಟೈರಿನ ಪಕ್ಕದ ಗೋಡೆ ಬೇಯುತ್ತದೆ.

ಬಿ.ಎಂ. ರಸ್ತೆ, ಹಾಸನ:
ತೋಟದ ಮಣ್ಣಿನ ರಸ್ತೆಯಲ್ಲಿ ರ‍್ಯಾಲಿ ಓಡಿಸಿದವರ "ಸೀಮೆಸುಣ್ಣ" ಡಾಂಬರು ಟ್ರ್ಯಾಕಿಗೆ ಹೊಂದುತ್ತದೆಯೇ?

ಎಸ್ಟೇಟ್ ನ್ಯಾವಿಗೇಟರ್:
ಸೀಮೆಸುಣ್ಣ ಅಳಿಸಲು ಡಾಂಬರೇ ಬೇಕು, ಮಣ್ಣಿನಲ್ಲಿ ಅದರ ಕೆಲಸವೇ ಇಲ್ಲ. ಇನ್ನು ರ‍್ಯಾಲಿಯ ಮಾತು: ಚಿಕ್ಕಮಗಳೂರಿನ ತೋಟಗಳ ದಾರಿಯಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ನಡೆದಿವೆ. ಒಂದೇ ಹಂತದಲ್ಲಿ ಹಿಡಿತ ಮೂರು ಸಲ ಬದಲಾಗುವ ದಾರಿ ಅದು. ಟೈರ್ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳುವುದನ್ನು ಅಲ್ಲಿ ಕಲಿತವರನ್ನು ಹೀಗೆ ತಳ್ಳಿಹಾಕಬೇಡಿ. ನನಗೆ ನಿಜವಾಗಿಯೂ ಬೇಸರವಾಗಿದೆ.

ಬಿ.ಎಂ. ರಸ್ತೆ, ಹಾಸನ:
ಬೇಸರ ಆಗಲಿ ಎಂದು ಬರೆಯಲಿಲ್ಲ. ಆದರೆ ಟ್ರ್ಯಾಕ್ ಬೇರೆ ವಿದ್ಯೆ. ಅಲ್ಲಿ 3.717 ಕಿ.ಮೀ. ಸುತ್ತಿನಲ್ಲಿ ಒಂದೇ ತಿರುವು ಮತ್ತೆ ಮತ್ತೆ ಬಂದು ಟೈರ್ ಕಾಯುತ್ತಲೇ ಹೋಗುತ್ತದೆ. ರಸ್ತೆ ಟೈರಿನ ರಬ್ಬರ್ ಆ ಬಿಸಿಗೆ ಜಿಡ್ಡಾಗುತ್ತದೆ.

ಸಕಲೇಶಪುರ 46:
"ಜಿಡ್ಡಾಗುತ್ತದೆ" ಎಂದರೆ ಒಂದು ಸುತ್ತು ನಿಧಾನ ಹೋಗಿ ಆರಿಸಿಕೊಳ್ಳಬೇಕು, ಅಷ್ಟೇ. ಅದಕ್ಕೆ ಟೈರ್ ಬದಲಿಸಬೇಕಿಲ್ಲ. ಹೊಸಬರಿಗೆ ಆ ಜಿಡ್ಡೇ ಎಚ್ಚರಿಕೆ. ಕಪ್ 2 ಹಿಡಿತ ಬಿಡುವಾಗ ಅಷ್ಟು ಮುನ್ಸೂಚನೆ ಕೊಡುವುದಿಲ್ಲ.

ಆಲ್ದೂರು ತೋಟ:
4ಎಸ್ ತೆಗೆದುಕೊಳ್ಳುತ್ತೇನೆ. ಮುಂದೆ 255/35, ಹಿಂದೆ 275/35 ವಿಚಾರಿಸಿದೆ. 2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದಿಗೆ ನಿರ್ಬಂಧ ಬಂದಾಗಿನಿಂದ ಎಲ್ಲ ಅಳತೆ ಕೇಳಿದ ದಿನ ಸಿಗುವುದಿಲ್ಲ ಎಂದು ಅಂಗಡಿಯವರು ಹೇಳಿದರು. ಸಿಕ್ಕರೆ ಅದು, ಸಿಗದಿದ್ದರೆ ಕಂಪನಿಯ ಅಳತೆ. ಐಎಸ್‌ಐ ಗುರುತು, ತಯಾರಿಕೆಯ ವಾರ ಮತ್ತು ವರ್ಷದ ನಾಲ್ಕು ಅಂಕಿ ನೋಡಿಯೇ ಹಾಕಿಸುತ್ತೇನೆ. ಕ್ಯಾಂಬರ್ ಕೂಡ ಮಾಡಿಸುತ್ತೇನೆ. ಗಾಳಿ ಮಾಮೂಲಿಯದ್ದೇ.

ಟೈರ್ ಕೆಲಸದವನು, ಬೇಲೂರು:
ಮಾಮೂಲಿ ಗಾಳಿಯಾದರೆ ಟ್ಯಾಂಕಿನ ನೀರು ತೆಗೆಸಿ, ನಿಮ್ಮ ಕಣ್ಣ ಮುಂದೆಯೇ. ಚಕ್ರದ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ 140 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿಸಿ, ಟ್ರ್ಯಾಕ್‌ನಿಂದ ಬಂದು ಆರಿದ ಮೇಲೆ ಇನ್ನೊಮ್ಮೆ ನೋಡಿ.

ಬಿ.ಎಂ. ರಸ್ತೆ, ಹಾಸನ:
ಮೊದಲ ದಿನದ ಸಂಜೆಯೇ ಕಪ್ 2 ಕೇಳಿಕೊಂಡು ಬರುತ್ತೀರಿ.

ಹಾಸನದ ಮೇಷ್ಟ್ರು:
ಬೆಳಿಗ್ಗೆ ಏಳಕ್ಕೆ ಟ್ರ್ಯಾಕ್ ಬಾಗಿಲಲ್ಲಿ ಗೇಜ್ ಏನು ತೋರಿಸಿತು ಎಂದು ಇಲ್ಲಿ ಬರೆಯಿರಿ. ಹೊರಡುವ ದಿನ ಆಲ್ದೂರಿನ ಅಂಕಿಯನ್ನೂ, ಆಗಿನ ಉಷ್ಣಾಂಶವನ್ನೂ ಗುರುತು ಹಾಕಿಕೊಳ್ಳಿ. ಅದೇ ಗೇಜ್ ಒಯ್ಯಿರಿ, ಬೇರೆಯದು ಬೇಡ.