ಕೆರೆಯ ಮುದ್ದೆ ಸಮುದ್ರಕ್ಕೆ ನಡೆಯುವುದಿಲ್ಲ

ಅಳಿಯಾ, ನಿನ್ನ ಮೆಸೇಜ್ ಈಗ ನೋಡಿದೆ. ಬಲಿಪಾಡ್ಯಮಿ ಮುಗಿಸಿಕೊಂಡು ನೀವು ನಾಲ್ಕು ಜನ ಮಲ್ಪೆಗೆ ಹೊರಟಿದ್ದೀರಿ, ಅಲ್ಲಿ ಗಾಳ ಹಾಕುವ ಆಸೆ ಇದೆ, ಮೀನು ಸೆಳೆಯಲು ನಾನು ಕೆರೆಗೆ ಕಲಸುವ ಹಿಂಡಿ ಮುದ್ದೆಯನ್ನೇ ಕಟ್ಟಿಕೊಂಡು ಹೋಗಬಹುದಾ ಅಂತ ಕೇಳಿದ್ದೀಯ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತೆ, ಬಾಯಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು. ಅಕ್ಕಾ, ನೀನೂ ಕೇಳಿಸಿಕೋ.

ಆ ಮುದ್ದೆ ಅಲ್ಲಿ ನಡೆಯುವುದಿಲ್ಲ ಕಣೋ. ನಾನು ಮಾಡಿ ನೋಡಿಯೇ ಹೇಳುತ್ತಿರುವುದು. ಮಂಗಳೂರು ಲೈನಿಗೆ ಬೆಲ್ಲದ ಲಾರಿ ಓಡಿಸುತ್ತಿದ್ದೆನಲ್ಲ, ಆಗ ಒಂದು ಸಲ ಲೋಡ್ ಇಳಿಸುವುದು ಮಾರನೇ ದಿನಕ್ಕೆ ಹೋಯಿತು. ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರ ಕಲ್ಲು ಸುರಿದು ಕಟ್ಟಿರುವ ದಂಡೆಗೆ ಹೋಗಿ ಕೂತೆ. ಮನೆಯಿಂದ ತಂದ ಮುದ್ದೆ, ಹಿಂಡಿ, ಹುರಿದ ರಾಗಿ ಹಿಟ್ಟು, ತೌಡು, ಬೆಲ್ಲದ ಪಾಕ, ಚಿಟಿಕೆ ಮೆಂತ್ಯದ ಪುಡಿ, ಎಲ್ಲ ಸರಿಯಾಗೇ ಇತ್ತು. ಒಂದರ ಹಿಂದೆ ಒಂದು ಎಸೆದೆ. ಸಂಜೆವರೆಗೂ ದಾರ ಅಲುಗಾಡಲಿಲ್ಲ. ಪಕ್ಕದಲ್ಲಿ ಒಬ್ಬರು ಮೊಗವೀರ ಅಜ್ಜ ಕೂತಿದ್ದರು. ಅವರ ಬುಟ್ಟಿಯಲ್ಲಿ ಆಗಲೇ ಏಳೆಂಟು ಮೀನು. ನನ್ನ ಮುದ್ದೆ ಕೈಗೆ ತೆಗೆದುಕೊಂಡು ಮೂಸಿ ನೋಡಿದರು. "ಇಲ್ಲಿ ಬೆಲ್ಲ ಯಾರಿಗೆ ಮಾರಾಯಾ? ಮೀನಿಗೆ ಮೀನೇ ಹಾಕು" ಅಂದರು. ಆಮೇಲೆ ಅವರೇ ಕೂರಿಸಿಕೊಂಡು ಕಲಸುವುದನ್ನು ತೋರಿಸಿಕೊಟ್ಟರು. ನಾನು ಈಗ ಹೇಳುವುದು ಹೆಚ್ಚು ಕಮ್ಮಿ ಅವರಿಂದ ಕಲಿತಿದ್ದೇ.

ನಮ್ಮ ಕಡೆ ಕೆರೆಯಲ್ಲಿ ಇರುವುದು ಕಾಟ್ಲಾ, ರೋಹು, ಮೃಗಾಲ್. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತೆ. ಇವಕ್ಕೆ ಹೊಟ್ಟೆಚೀಲವೇ ಇಲ್ಲ, ಬರೀ ಉದ್ದ ಕರುಳು. ಅದಕ್ಕೆ ದಿನವಿಡೀ ಸ್ವಲ್ಪ ಸ್ವಲ್ಪ ಮೇಯುತ್ತಲೇ ಇರುತ್ತವೆ, ಹಿಟ್ಟು ಹಿಂಡಿ ಸಿಕ್ಕರೆ ಬಿಡುವುದಿಲ್ಲ. ನೀರೂ ನಿಂತ ನೀರು, ಹಾಕಿದ ಮುದ್ದೆ ಹಾಕಿದಲ್ಲೇ ಕರಗುತ್ತೆ. ಸಮುದ್ರದ ದಡದಲ್ಲಿ ನಿನ್ನ ಗಾಳಕ್ಕೆ ಬರುವವು ಬೇರೆ ಜಾತಿ. ಕಾಣೆ ಮೀನು ಮರಳಿನಲ್ಲಿ ಹುಳ, ಸಿಗಡಿ ಹುಡುಕುತ್ತೆ. ಕೆಂಬೇರಿ ಬಂಡೆ ಸಂದಿಯಲ್ಲಿ ಇದ್ದುಕೊಂಡು ಸಣ್ಣ ಮೀನು, ಏಡಿ ಹಿಡಿದು ತಿನ್ನುತ್ತೆ. ಜಜ್ಜಿದ ಮೀನಿನ ರಸ, ಎಣ್ಣೆ, ರಕ್ತ, ಇದರ ವಾಸನೆ ನೀರಿನಲ್ಲಿ ಹೋದರೆ ತಾನೇ ಅವು ಹುಡುಕಿಕೊಂಡು ಬರುವುದು?

ಸಾಮಾನು ಹೇಳುತ್ತೇನೆ, ಬರೆದುಕೋ. ಬೂತಾಯಿ ಮೀನು ಒಂದು ಕೇಜಿ. ಒಳ್ಳೆ ಮೀನು ಬೇಕಿಲ್ಲ. ಬಂದರಿನಲ್ಲಿ ಮೀನು ಕತ್ತರಿಸುವ ಹೆಂಗಸರನ್ನು ಕೇಳಿದರೆ ಬೂತಾಯಿ, ಬಂಗುಡೆ ತಲೆ, ಕರುಳು, ಸಿಗಡಿ ಸಿಪ್ಪೆ ಎಲ್ಲ ಸಿಗುತ್ತೆ. ಇವುಗಳಲ್ಲಿ ಎಣ್ಣೆ ಜಾಸ್ತಿ, ಅದೇ ನಮಗೆ ಬೇಕಾಗಿರುವುದು. ಜೊತೆಗೆ ತೌಡು ಒಂದು ಕೇಜಿ, ಹಿಂಡಿ ಪುಡಿ ಕಾಲು ಕೇಜಿ, ಒಂದು ಹಿಡಿ ಕಲ್ಲುಪ್ಪು, ದಪ್ಪ ಮರಳು ಎರಡು ಮೂರು ಬೊಗಸೆ. ತೌಡು ಯಾಕೆ ಅಂದರೆ ಅದು ಎಣ್ಣೆ ಹೀರಿಕೊಳ್ಳುತ್ತೆ, ಆಮೇಲೆ ನೀರಿನಲ್ಲಿ ನಿಧಾನವಾಗಿ ಬಿಡುತ್ತೆ. ಬರೀ ಮೀನು ಜಜ್ಜಿ ಹಾಕಿದರೆ ಐದು ನಿಮಿಷಕ್ಕೆ ಎಲ್ಲ ಕೊಚ್ಚಿಕೊಂಡು ಹೋಗುತ್ತೆ. ಮರಳು ಭಾರಕ್ಕೆ.

ಮೀನನ್ನು ತೀರಾ ನುಣ್ಣಗೆ ಮಾಡಬೇಡ. ಅರ್ಧ ಅರೆದ ಚಟ್ನಿ ಹಾಗೆ ತರಿತರಿಯಾಗಿ ಜಜ್ಜು. ಮೊದಲು ಮೀನು ಮತ್ತು ಉಪ್ಪು, ಆಮೇಲೆ ತೌಡು, ಹಿಂಡಿ, ಕೊನೆಗೆ ಮರಳು. ನೀರು ಬೇಕಾದರೆ ಸಮುದ್ರದ್ದೇ ಚಿಮುಕಿಸು, ನಲ್ಲಿ ನೀರು ಬೇಡ. ಹದ ಬಂತಾ ಅಂತ ನೋಡುವುದು ಹೀಗೆ: ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕು, ಕೈ ಬಿಚ್ಚು. ಐದೂ ಬೆರಳಿನ ಗುರುತು ಮೂಡಿ ಉಂಡೆ ನಿಲ್ಲಬೇಕು. ಬೆರಳ ಸಂದಿಯಲ್ಲಿ ರಸ ಇಳಿದರೆ ನೀರು ಜಾಸ್ತಿ ಆಯಿತು, ಇನ್ನೊಂದು ಹಿಡಿ ತೌಡು ಹಾಕು. ಈಗ ಹೆಬ್ಬೆರಳಿನಿಂದ ಉಂಡೆಯ ನಡುವೆ ಒತ್ತು. ಮಣ್ಣಿನ ಹೆಂಟೆ ಒಡೆದ ಹಾಗೆ ಎರಡು ಮೂರು ಹೋಳಾಗಬೇಕು. ರಾಗಿ ಮುದ್ದೆ ಹಾಗೆ ಅಂಟಿಕೊಂಡೇ ಇದ್ದರೆ ಅದು ತಳಕ್ಕೆ ಹೋಗಿ ಸುಮ್ನೆ ಕೂರುತ್ತೆ, ಏಡಿಗಳಿಗೆ ಊಟ ಆಗುತ್ತೆ ಅಷ್ಟೆ.

ಇನ್ನು ಎಲ್ಲಿ ಎಸೆಯಬೇಕು ಅನ್ನುವುದು. ಎಲ್ಲಕ್ಕಿಂತ ಮುಖ್ಯ ಇದೇ. ನಮ್ಮ ವಿಶ್ವೇಶ್ವರಯ್ಯ ನಾಲೆ ಒಂದೇ ಕಡೆ ಹರಿಯುತ್ತೆ. ಸಮುದ್ರ ಹಾಗಲ್ಲ. ಸುಮಾರು ಆರು ಗಂಟೆ ಉಬ್ಬರ, ಆರು ಗಂಟೆ ಇಳಿತ, ಅಳಿವೆಯಲ್ಲಂತೂ ನೀರು ಎಳೆಯುವ ದಿಕ್ಕೇ ತಿರುಗುತ್ತೆ. ಅದಕ್ಕೆ ಹೋದ ತಕ್ಷಣ ಉಂಡೆ ಎಸೆಯಬೇಡ. ಒಂದು ಹಿಡಿ ಒಣ ತೌಡು ನೀರಿನ ಮೇಲೆ ಎರಚು, ಯಾವ ಕಡೆ ತೇಲಿ ಹೋಗುತ್ತೆ ನೋಡು. ನೀರು ಬರುವ ಕಡೆಗೆ, ಗಾಳಕ್ಕಿಂತ ನಾಲ್ಕೈದು ಮಾರು ಹಿಂದೆ ಉಂಡೆ ಹಾಕು. ಅದರ ವಾಸನೆ ನಿನ್ನ ಗಾಳದ ಮೇಲೆ ಹಾದು ಮುಂದೆ ಹೋಗಬೇಕು. ಆ ಜಾಡು ಹಿಡಿದೇ ಮೀನು ವಾಪಸ್ ಬರುವುದು. ಸರಿಯಾಗಿ ಬಿದ್ದರೆ ಕಣ್ಣಿಗೇ ಕಾಣುತ್ತೆ. ಎಣ್ಣೆ ಹರಡಿದ ಕಡೆ ನೀರಿನ ಸಣ್ಣ ಸುಕ್ಕೆಲ್ಲ ಹೋಗಿ, ಇಸ್ತ್ರಿ ಮಾಡಿದ ಬಟ್ಟೆ ಹಾಗೆ ಒಂದು ನುಣ್ಣನೆ ಪಟ್ಟಿ ಉದ್ದಕ್ಕೆ ಸಾಗುತ್ತೆ. ನನಗೆ ಇವತ್ತಿಗೂ ಅದನ್ನು ನೋಡುವುದೆಂದರೆ ಮೀನು ಹಿಡಿದಷ್ಟೇ ಖುಷಿ.

ನೀವು ಹೋಗುತ್ತಿರುವುದು ದೀಪಾವಳಿ ಅಮಾವಾಸ್ಯೆ ಆದ ಎರಡನೇ ಮೂರನೇ ದಿನಕ್ಕೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ ಇಳಿತ ಎರಡೂ ಜೋರು. ಹಾಗಾಗಿ ಮರಳು ಒಂದು ಬೊಗಸೆ ಜಾಸ್ತಿಯೇ ಇರಲಿ. ಎಳೆತ ತೀರಾ ಜೋರಾಗಿದ್ದರೆ ಉಂಡೆ ಬಿಟ್ಟು ಚೀಲ ಕಟ್ಟು. ಈರುಳ್ಳಿ ಬರುತ್ತಲ್ಲ, ಆ ಬಲೆ ಚೀಲ. ಅದರಲ್ಲಿ ಕಲಸಿದ್ದನ್ನು ತುಂಬಿ, ಒಂದು ಕಲ್ಲು ಹಾಕಿ, ಹಗ್ಗ ಕಟ್ಟಿ ಬಂಡೆ ಪಕ್ಕ ನೀರಿಗೆ ಇಳಿಬಿಡು. ಅಲೆ ಒಂದೊಂದು ಸಲ ಬಡಿದಾಗಲೂ ಚೀಲ ಅಲುಗಾಡಿ ಸ್ವಲ್ಪ ಸ್ವಲ್ಪ ಬಿಡುತ್ತಾ ಇರುತ್ತೆ. ಬರುವಾಗ ಚೀಲ ಎತ್ತಿಕೊಂಡು ಬಾ, ಪ್ಲಾಸ್ಟಿಕ್ ಅದು, ನೀರಿಗೆ ಬಿಡಬೇಡ.

ಜಾಸ್ತಿ ಹಾಕಬೇಡ. ಹತ್ತು ನಿಮಿಷಕ್ಕೆ ಒಂದು ಉಂಡೆ, ಕಿತ್ತಳೆ ಹಣ್ಣಿನ ಗಾತ್ರ, ಸಾಕು. ಮೀನಿಗೆ ಆಸೆ ಹುಟ್ಟಬೇಕು, ಹೊಟ್ಟೆ ತುಂಬಬಾರದು. ಗಾಳಕ್ಕೆ ಚುಚ್ಚುವ ಎರೆಯೂ ಅದೇ ವಾಸನೆಯದ್ದಾಗಿರಲಿ, ಬೂತಾಯಿ ತುಂಡು ಇಲ್ಲಾ ಸಿಗಡಿ. ಬೂತಾಯಿ ಮೆತ್ತಗೆ, ಎಸೆದಾಗ ಕಿತ್ತು ಹೋಗುತ್ತೆ. ಹೊಲಿಯುವ ದಾರದಿಂದ ನಾಲ್ಕು ಸುತ್ತು ಸುತ್ತು.

ಹಸಿ ಮೀನು ಇಲ್ಲಿಂದ ಒಯ್ಯಬೇಡ. ಶಿರಾಡಿ ತಿರುವಿನಲ್ಲಿ ಬಕೆಟ್ ಒಂದು ಸಲ ಮಗುಚಿದರೆ ಆ ಕಾರಿನಲ್ಲಿ ಆಮೇಲೆ ಯಾರೂ ಕೂರಲಾಗುವುದಿಲ್ಲ. ಒಣ ಸಾಮಾನು ಮಾತ್ರ ಇಲ್ಲಿಂದ, ಮೀನು ಅಲ್ಲೇ ತಗೊಂಡು ಅಲ್ಲೇ ಕಲಸು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ, ಈಗ ಆ ತೊಂದರೆ ಇಲ್ಲ, ಬಂದರಿನಲ್ಲಿ ಬೆಳಿಗ್ಗೆಯೇ ಮೀನು ಬಂದಿರುತ್ತೆ. ಜನ ಈಜುವ ಕಡೆ ಇದನ್ನು ಹಾಕಲೇಬೇಡ, ಬೀಚಿನಿಂದ ದೂರ ಹೋಗು.

ಅಕ್ಕಾ, ಇದು ನಿನಗೂ. ಬಂಡೆ ಮೇಲೆ ಪಾಚಿ ಇರುತ್ತೆ, ಚಪ್ಪಲಿ ಹಾಕಿಕೊಂಡು ಹೋಗಲು ಇವನನ್ನು ಬಿಡಬೇಡ. ಹಿಡಿತ ಇರುವ ಶೂ ಹಾಕಿಸು. ಅಳಿಯಾ, ಮೊದಲು ಹತ್ತು ನಿಮಿಷ ಸುಮ್ನೆ ನಿಂತು ನೋಡು, ದೊಡ್ಡ ಅಲೆ ಎಲ್ಲಿಯವರೆಗೆ ಬರುತ್ತೆ ಅಂತ. ಒದ್ದೆಯಾಗಿರುವ ಬಂಡೆ ಮೇಲೆ ಕೂರಬೇಡ. ಸಮುದ್ರಕ್ಕೆ ಬೆನ್ನು ಹಾಕಬೇಡ. ಗಾಳ ಸಿಕ್ಕಿಹಾಕಿಕೊಂಡರೆ ದಾರ ಕತ್ತರಿಸು, ಬಿಡಿಸಲು ಕೆಳಗೆ ಇಳಿಯಬೇಡ. ಇದೊಂದು ನನಗೆ ಮಾತು ಕೊಡು.

ನಾಳೆ ಮಿಲ್ಲಿಗೆ ಹೋಗುವುದಿದೆ, ತೌಡು ತಂದಿಡುತ್ತೇನೆ. ಹಿಂಡಿ ಕುಟ್ಟಿ ಜರಡಿ ಹಿಡಿದು ಡಬ್ಬಕ್ಕೆ ಹಾಕಿರುತ್ತೇನೆ, ಈರುಳ್ಳಿ ಚೀಲ ಎರಡಿವೆ. ಹಬ್ಬದ ದಿನ ಊಟಕ್ಕೆ ಬಂದಾಗ ತೆಗೆದುಕೊಂಡು ಹೋಗು, ಉಂಡೆ ಹದ ಹೇಗೆ ಅಂತ ಕೈಯಲ್ಲೇ ತೋರಿಸುತ್ತೇನೆ.